ಎಂಟಾಣೆ ಇಟ್ಟುಹೋದ ಕಳ್ಳ

1954ರ ಡಿಸೆಂಬರ್ ಆರನೇ ತಾರೀಕು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಗುಡ್ಡೇಕೊಪ್ಪಲಿನ ಏಲಕ್ಕಿ ವ್ಯಾಪಾರಿ ಮರುಳಸಿದ್ದಪ್ಪನವರು ಸುಂಟಿಕೊಪ್ಪ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಸಬ್‌ಇನ್ಸ್‌ಪೆಕ್ಟರ್ ಧರ್ಮಪಾಲ ಆಗಷ್ಟೇ ಕಾಫಿ ಲೋಟ ಕೆಳಗಿಟ್ಟಿದ್ದರು. ಮೂಡಬಿದ್ರೆ ಕಡೆಯವರು, ಕೊಡಗಿಗೆ ಬಂದು ಮೂರು ವರ್ಷವಾಗಿದ್ದರೂ ಅವರ ಮಾತು ಇನ್ನೂ ಘಟ್ಟ ಹತ್ತಿರಲಿಲ್ಲ.

"ಎಂತ ಕಳುವಾಯ್ತು?"

"ಕಾಸು ಸ್ವಾಮಿ."

"ಎಷ್ಟು?"

"ಒಂದು."

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೆಬಲ್ ಕುಟ್ಟಪ್ಪ ಪೆನ್ನು ಎತ್ತಿ ನೋಡಿದ. "ಒಂದು ಸಾವಿರಾನಾ?"

"ಒಂದೇ ಒಂದು ಕಾಸು ಕಣಪ್ಪ. ತಾಮ್ರದ್ದು. ನಮ್ಮ ತಂದೆ ಮನೆ ಕಟ್ಟಿಸಿದಾಗ ಹೊಸಿಲಲ್ಲಿ ಕೂರಿಸಿದ್ದು. ಅದನ್ನ ಕಿತ್ಕೊಂಡು ಆ ಜಾಗಕ್ಕೆ ಹೊಸಾ ಎಂಟಾಣೆ ಜಡಿದು ಹೋಗಿದಾರೆ. ಸಿಂಹದ ಎಂಟಾಣೆ."

ಕುಟ್ಟಪ್ಪನಿಗೆ ನಗು ತಡೆಯುವುದೇ ಕಷ್ಟವಾಗಿತ್ತು. ಆದರೂ ಕೇಳಬೇಕಾದ್ದನ್ನು ಕೇಳಿದ. "ಸಾರ್, ನಷ್ಟ ಎಷ್ಟೂಂತ ಬರೀಲಿ? ಲೆಕ್ಕ ಹಾಕಿದ್ರೆ ಇವರಿಗೆ ಏಳೂಮುಕ್ಕಾಲಾಣೆ ಲಾಭ ಆಗಿದೆ."

ಮರುಳಸಿದ್ದಪ್ಪನವರು ನಗಲಿಲ್ಲ. "ನಗಾಡಬೇಡಿ. ಅದು ಹೊಸಿಲಿನ ಲಕ್ಷ್ಮಿ. ಊರಲ್ಲಿ ನಾಲ್ಕು ಮನೇಲಿ ಹಿಂಗಾಗಿದೆ. ಮೊದಲ ಮೂರು ಮನೆಯೋರು ಹೆದರಿ ಬಾಯಿ ಮುಚ್ಕೊಂಡಿದ್ರು. ವನಜಮ್ಮನ ಮೊಮ್ಮಗೂಗೆ ಜ್ವರ ಬಿಡ್ತಾ ಇಲ್ಲ. ಕೆಂಪಣ್ಣನ ಗಬ್ಬದ ಹಸು ಕಂದು ಹಾಕ್ತು. ಇದು ಮಾಟ ಸ್ವಾಮಿ. ಮಾಡಿಸ್ತಿರೋಳು ಯಾರೂಂತಲೂ ಗೊತ್ತು."

"ಯಾರು?"

"ಬಳೆ ನಿಂಗಮ್ಮ. ಗಂಡ ಇಲ್ಲದೋಳು, ಹಾಸನದ ಕಡೆಯಿಂದ ಬಂದು ಊರಾಚೆ ಗುಡಿಸಲು ಹಾಕ್ಕೊಂಡಿದಾಳೆ. ಬಳೆ ತೊಡಿಸೋಕೆ ಮನೆಮನೆ ಹೊಸಿಲ ಮುಂದೆ ಕೂರೋಳು ಅವಳೊಬ್ಬಳೇ. ಬರೋ ಭಾನುವಾರ ಪಂಚಾಯ್ತಿ ಇಟ್ಟಿದೀವಿ. ಅವಳು ಊರು ಬಿಡಬೇಕು. ಬಿಡದಿದ್ರೆ ನಮ್ಮ ಹುಡುಗರ ಕೈ ಹಿಡಿಯೋದು ನನ್ನಿಂದಾಗಲ್ಲ."

ಧರ್ಮಪಾಲರ ಮುಖ ಗಂಭೀರವಾಯಿತು. ಕಳುವಾದದ್ದು ಒಂದು ಕಾಸು ನಿಜ, ಆದರೆ ಭಾನುವಾರದೊಳಗೆ ಕಳ್ಳ ಸಿಗದಿದ್ದರೆ ಒಬ್ಬ ಹೆಂಗಸಿನ ಬದುಕೇ ಬೀದಿಗೆ ಬೀಳುತ್ತಿತ್ತು.

"ಕುಟ್ಟಪ್ಪ, ಎಫ್‌ಐಆರ್ ಬರಿ. ನಷ್ಟದ ಕಾಲಮಿನಲ್ಲಿ 'ಒಂದು ತಾಮ್ರದ ನಾಣ್ಯ' ಅಂತ ಹಾಕು. ಲಾಭದ ವಿಷಯ ಕೋರ್ಟು ನೋಡಿಕೊಳ್ತದೆ."

ಮಧ್ಯಾಹ್ನ ಇಬ್ಬರೂ ಗುಡ್ಡೇಕೊಪ್ಪಲಿಗೆ ಹೋದಾಗ ಊರಿಗೆ ಊರೇ ಗದ್ದೆ ಕೊಯ್ಲಿನಲ್ಲಿತ್ತು. ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಹೊಸಿಲಿಗೆ ಬೀಗ ಹಾಕುವ ಪದ್ಧತಿ ಎಲ್ಲೂ ಇಲ್ಲವಾದ್ದರಿಂದ ಕಳ್ಳನಿಗೆ ಯಾವ ಅಡ್ಡಿಯೂ ಇದ್ದಿರಲಾರದು.

ಮರುಳಸಿದ್ದಪ್ಪನವರ ಜಗಲಿಯಲ್ಲಿ ಪಂಚರನ್ನು ಕೂರಿಸಿ ಪಂಚನಾಮೆ ಶುರುವಾಯಿತು. ಹೊಸಿಲು ಹಲಸಿನ ಮರದ್ದು. ನಟ್ಟನಡುವೆ ದುಂಡಗೆ ಕೊರೆದ ಗುಂಡಿ, ಅದರಲ್ಲಿ ಎಂಟಾಣೆ, ಸುತ್ತ ನಾಲ್ಕು ಹಿತ್ತಾಳೆ ಮೊಳೆ. ಧರ್ಮಪಾಲರು ಟೋಪಿ ತೆಗೆದಿಟ್ಟು ಹೊಸಿಲ ಮುಂದೆ ಬೋರಲು ಮಲಗುವುದೊಂದು ಬಾಕಿ ಎಂಬಷ್ಟು ಬಗ್ಗಿದರು. ಮರದ ಮೇಲೆ ಒಂದು ಗೀರು ಇರಲಿಲ್ಲ. ಹಳೆಯ ಮೊಳೆಗಳನ್ನೇ ಸೊಟ್ಟಗಾಗದಂತೆ ಕಿತ್ತು, ಅದೇ ತೂತುಗಳಲ್ಲಿ ಮತ್ತೆ ಕೂರಿಸಲಾಗಿತ್ತು. ಗುಂಡಿಗಿಂತ ಎಂಟಾಣೆ ಕೂದಲೆಳೆಯಷ್ಟು ಚಿಕ್ಕದಿತ್ತು. ಆ ಸಂದಿಯಲ್ಲಿ ತಗಡಿನ ಸಣ್ಣ ಬಳೆಯೊಂದನ್ನು ಬಿಗಿಯಾಗಿ ಕೂರಿಸಿದ್ದರು. ಮೂಸಿ ನೋಡಿದರೆ ಮೆಷಿನ್ ಎಣ್ಣೆಯ ವಾಸನೆ.

"ಮಾಟಕ್ಕೆ ಮೆಷಿನ್ ಎಣ್ಣೆ ಹಾಕ್ತಾರಾ?"

"ನಮ್ಮಲ್ಲಿ ನಿಂಬೆಹಣ್ಣು ಸಾರ್," ಎಂದ ಕುಟ್ಟಪ್ಪ.

ಉಳಿದ ಮೂರು ಮನೆಗಳಲ್ಲೂ ಅದೇ ಕೈಕೆಲಸ. ಆದರೆ ಧರ್ಮಪಾಲರು ಅಷ್ಟಕ್ಕೇ ನಿಲ್ಲಿಸದೆ ಊರಿನ ಎಲ್ಲ ಹೊಸಿಲುಗಳನ್ನೂ ನೋಡಿದರು. ಇನ್ನೂ ಮೂರು ಮನೆಗಳಲ್ಲಿ ಹಳೆಯ ಕಾಸುಗಳಿದ್ದವು. ಅವನ್ನು ಯಾರೂ ಮುಟ್ಟಿರಲಿಲ್ಲ.

ನಿಂಗಮ್ಮನ ಗುಡಿಸಲ ಮುಂದೆ ಒಡೆದ ಗಾಜಿನ ಬಳೆಯ ಚೂರುಗಳನ್ನು ಗುಡಿಸಿ ಒಂದು ಕಡೆ ರಾಶಿ ಹಾಕಿತ್ತು. ಹಿಂದಿನ ದಿನ ಯಾರೋ ಅವಳ ಬಳೆ ಮಲಾರವನ್ನು ಕಿತ್ತು ಎಸೆದಿದ್ದರು. ಪೊಲೀಸರನ್ನು ಕಂಡು ಅವಳು ಎದ್ದು ನಿಂತಳು, ಅಳಲಿಲ್ಲ.

"ನೀವು ಕಿತ್ತದ್ದಾ?"

"ನಾನ್ಯಾಕ್ ಕೀಳ್ಲಿ ಸ್ವಾಮಿ? ಆ ಹೊಸಿಲ ಮುಂದೆ ಕುಂತ್ರೇ ತಾನೆ ನನ್ ಹೊಟ್ಟೆಗೆ ಅನ್ನ."

"ಹೊಸಬರು ಯಾರಾದ್ರೂ ಬಂದದ್ದು ನೋಡಿದ್ದೀರಾ?"

"ಇಲ್ಲ. ನೋಡಿದ್ರೂ ನನ್ ಮಾತು ಯಾರ್ ನಂಬ್ತಾರೆ? ಭಾನುವಾರಕ್ಕೆ ಮುಂಚೆ ನಾನೇ ಹೋಗ್ಬಿಡ್ಲಾ ಸ್ವಾಮಿ?"

"ಹೋದರೆ ನೀವೇ ಮಾಡಿದ್ದು ಅಂತಾಗ್ತದೆ. ಇಲ್ಲೇ ಇರಿ," ಎಂದರು ಧರ್ಮಪಾಲ. ಹೇಳಿದ್ದೇನೋ ಹೇಳಿದರು. ವಾಪಸು ಬರುವಾಗ ಆ ಮಾತು ಅವರ ಹೆಗಲ ಮೇಲೇ ಕೂತಿತ್ತು.

ಮರುಳಸಿದ್ದಪ್ಪನವರ ತಾಯಿ ಶಿವಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಕಣ್ಣು ಮಂಜಾಗಿದ್ದರೂ ನೆನಪು ಚುರುಕಾಗಿತ್ತು. ಧರ್ಮಪಾಲರು ಅವರ ಪಕ್ಕದಲ್ಲೇ ಕೂತರು.

"ಅಮ್ಮಾ, ನಾಲ್ಕು ಮನೆಯ ಕಾಸು ಹೋಗಿದೆ. ಮೂರು ಮನೆಯದ್ದು ಹೋಗಲಿಲ್ಲ. ಎಂತ ವ್ಯತ್ಯಾಸ?"

"ಉಳಿದ ಮೂರರಲ್ಲಿ ಮೊಳೆ ಎಷ್ಟದಾವೆ?"

"ಎರಡೆರಡು. ಕಬ್ಬಿಣದ್ದು."

"ಅವು ಈಚಿನ ಮನೆಗಳು ಕಣಪ್ಪ, ಬೇರೆಯೋರು ಮಾಡಿದ್ದು. ನಾಲ್ಕು ಹಿತ್ತಾಳೆ ಮೊಳೆ ಹೊಡೀತಿದ್ದೋನು ಒಬ್ಬನೇ, ಕಾಳಾಚಾರಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ನಾಲ್ಕು ಮನೆ ಬಾಗಿಲೂ ಅವನೇ ನಿಲ್ಲಿಸಿದ್ದು."

"ಈಗೆಲ್ಲಿದ್ದಾರೆ?"

"ಸತ್ತು ಇಪ್ಪತ್ತು ವರ್ಷ ಆಯ್ತು."

"ಸತ್ತವರನ್ನ ಹಿಡಿಯೋಕೆ ಕಲಮು ಇಲ್ಲ ಸಾರ್," ಎಂದು ಕುಟ್ಟಪ್ಪ ಪಿಸುಗುಟ್ಟಿದ.

"ಮಕ್ಕಳು?"

"ಒಬ್ಬ ಮಗ ಇದ್ದ. ಮೀಸೆ ಚಿಗುರೋಕ್ ಮುಂಚೆ ಅಪ್ಪನ ಹತ್ರ ಜಗಳಾಡ್ಕೊಂಡು ಮೈಸೂರಿಗೆ ಓಡಿಹೋದ. ರೈಲ್ವೆ ಸೇರಿದ್ನಂತೆ. ಏನೋ ಸ್ವಾಮಿ ಅಂತ ಹೆಸರು."

ಕುಟ್ಟಪ್ಪನ ನಗು ನಿಂತಿತು. "ಸಾರ್, ಬಸ್ ಸ್ಟ್ಯಾಂಡ್ ಹತ್ರ ಸ್ಟವ್ ರಿಪೇರಿ ಮಾಡೋ ಫಿಟ್ಟರ್ ಸಣ್ಣಸ್ವಾಮಿ! ಮೈಸೂರು ರೈಲ್ವೆಯಿಂದ ಪೆನ್ಶನ್ ಆಗಿ ಬಂದವರು. ನಮ್ಮನೆ ಸ್ಟವ್ವೂ ಅವರೇ ಸರಿ ಮಾಡಿದ್ದು."

ತಗಡಿನ ಬಳೆ, ಮೆಷಿನ್ ಎಣ್ಣೆ, ಕೂದಲೆಳೆಯ ಲೆಕ್ಕ. ಎಲ್ಲವೂ ಹೊಂದುತ್ತಿದ್ದವು. ಆದರೆ ಹೊಂದುವುದು ಬೇರೆ, ಊರಿನವರ ಮುಂದೆ ರುಜುವಾತಾಗುವುದು ಬೇರೆ. ಧರ್ಮಪಾಲರು ಹೊರಡುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದರು.

"ಕಾಳಾಚಾರಿ ನಾಲ್ಕೇ ಬಾಗಿಲು ಮಾಡಿದ್ದಾ?"

"ಅಯ್ಯೋ, ನಿಮ್ಮ ಠಾಣೆ ಬಾಗಿಲೂ ಅವನದೇ ಅಲ್ವಾ?" ಎಂದರು ಶಿವಮ್ಮ.

ಸಂಜೆ ಐದಕ್ಕೆ ಸಬ್‌ಇನ್ಸ್‌ಪೆಕ್ಟರರು ತಮ್ಮದೇ ಠಾಣೆಯ ಹೊಸಿಲ ಮುಂದೆ ಮೊಣಕಾಲೂರಿ ಕೂತದ್ದನ್ನು ಪೇಟೆಯ ಕೆಲವರು ನೋಡಿದರು. ವರ್ಷವರ್ಷವೂ ಬಳಿದ ಕೆಮ್ಮಣ್ಣು ಬಣ್ಣ, ಅದರ ಮೇಲೆ ಬೂಟಿನ ಕೊಳೆ. ಚಾಕುವಿನ ತುದಿಯಿಂದ ಕೆರೆದಾಗ ಒಂದು ಹಿತ್ತಾಳೆ ಮೊಳೆ ಕಂಡಿತು. ಅವರು ಕೆರೆಯುವುದನ್ನು ಅಲ್ಲಿಗೇ ನಿಲ್ಲಿಸಿದರು.

"ನಾಲ್ಕು ಸಿಕ್ಕಿದವನಿಗೆ ಐದನೆಯದು ಬೇಕೇ ಬೇಕು. ಇಲ್ಲಿಗೆ ಬರಲು ಧೈರ್ಯ ಸಾಲದೆ ಬಿಟ್ಟಿದ್ದಾನೆ. ನಾವೇ ಕರೆಯುವ," ಎಂದರು.

ಎಂಟನೇ ತಾರೀಕು ಬುಧವಾರ, ಠಾಣೆ ಬಾಗಿಲಿನ ಚಿಲಕ ಬಿಗಿಯಾಗಿದೆ, ಸರಿ ಮಾಡಬೇಕೆಂದು ಫಿಟ್ಟರ್ ಸಣ್ಣಸ್ವಾಮಿಗೆ ಹೇಳಿಕಳಿಸಲಾಯಿತು. ಅರವತ್ತರ ಆಸುಪಾಸಿನ, ಸಣಕಲು ಮೈಯ ಮನುಷ್ಯ. ಹಳೆಯ ಖಾಕಿ ಕೋಟು. ಹನ್ನೊಂದಕ್ಕೆ ಬಂದು ಕೂತ. ಧರ್ಮಪಾಲರು "ನಾವು ರೌಂಡ್ಸ್ ಹೋಗಿ ಬರ್ತೇವೆ" ಎಂದು ಹೊರಟು, ಹಿಂಬಾಗಿಲಿಂದ ಒಳಬಂದು ಕಪಾಟಿನ ಮರೆಯಲ್ಲಿ ನಿಂತರು. ಕುಟ್ಟಪ್ಪನೂ ನಿಂತ. ಕಪಾಟಿಗಿಂತ ಅವನೇ ಅಗಲವಿದ್ದರೂ ಸಣ್ಣಸ್ವಾಮಿ ಆ ಕಡೆ ನೋಡಲಿಲ್ಲ.

ಚಿಲಕಕ್ಕೆ ಎಣ್ಣೆ ಬಿಟ್ಟ. ಎರಡು ಸಲ ಆಡಿಸಿದ. ಅಲ್ಲಿಗೆ ಚಿಲಕದ ಕೆಲಸ ಮುಗಿಯಿತು. ಆಮೇಲೆ ತುಂಬ ಹೊತ್ತು ಹೊಸಿಲನ್ನೇ ನೋಡುತ್ತ ಕೂತ. ಬೀದಿಯತ್ತ ಒಮ್ಮೆ ತಿರುಗಿ ನೋಡಿ, ಚೀಲದಿಂದ ಸಣ್ಣ ಉಳಿ ತೆಗೆದು ಬಣ್ಣ ಕೆರೆದ. ಒಂದೊಂದೇ ಮೊಳೆ ಎತ್ತಿದ. ಕಾಸು ಅಂಗೈಗೆ ಬಂದಾಗ ಅದನ್ನು ಕೋಟಿಗೆ ಒರೆಸಿ ಜೇಬಿಗೆ ಹಾಕುತ್ತಾನೆಂದು ಕುಟ್ಟಪ್ಪ ಕಾದಿದ್ದ. ಹಾಗೆ ಮಾಡಲಿಲ್ಲ. ಅಂಗೈ ಮುಚ್ಚಿಕೊಂಡು ಕಣ್ಣುಮುಚ್ಚಿ ಕೂತುಬಿಟ್ಟ.

"ಎಂಟಾಣೆ ತಂದಿದ್ದೀರಾ?" ಎಂದು ಧರ್ಮಪಾಲರು ಹಿಂದಿನಿಂದ ಕೇಳಿದರು.

ಸಣ್ಣಸ್ವಾಮಿ ಬೆಚ್ಚಿದ. ಓಡಲಿಲ್ಲ. "ತಂದಿದೀನಿ ಸಾರ್," ಎಂದ.

"ಯಾರದ್ದು ಈ ಕಾಸು?"

"ನಂದು."

"ಠಾಣೆಯ ಹೊಸಿಲಲ್ಲಿದ್ದದ್ದು ನಿಮ್ಮದು ಹೇಗಾಗ್ತದೆ?"

"ಹನ್ನೊಂದು ವರ್ಷದ ಹುಡುಗ ಆಗಿದ್ದಾಗ ಐದು ಕಾಸು ಕೂಡಿಹಾಕಿದ್ದೆ ಸಾರ್. ರಾಣಿ ತಲೆದು, ಕಂಪನಿ ತಕ್ಕಡಿದು, ಮೈಸೂರಿಂದು ಎರಡು. ಇದು ಟಿಪ್ಪು ಕಾಲದ ಆನೆ ಕಾಸು, ನನ್ನ ಬುಗುರಿ ಕೊಟ್ಟು ತಗೊಂಡಿದ್ದು. ಒಂದಿನ ಅಪ್ಪ ಬಾಗಿಲುವಾಡ ಹಿಡ್ಕೊಳೋ ಅಂತ ನಿಲ್ಲಿಸಿದ್ದ. ನಾನು ಕಾಸು ನೋಡ್ತಾ ಕೈ ಬಿಟ್ಟುಬಿಟ್ಟೆ. ಅಪ್ಪನ ಬೆರಳು ಜಜ್ಜೋಯ್ತು. 'ಇನ್ನು ನಿನ್ನ ಕಾಸೇ ಬಾಗಿಲು ಹಿಡ್ಕೊಂಡಿರಲಿ' ಅಂದ. ಆಮೇಲೆ ನಿಲ್ಲಿಸಿದ ಒಂದೊಂದು ಬಾಗಿಲಿಗೂ ಒಂದೊಂದು ಕಾಸು ಜಡಿದ. ಮೊಳೆ ನನ್ನ ಕೈಲೇ ಹಿಡಿಸಿದ."

"ಕೇಳಿ ತಗೊಳ್ಳಬಹುದಿತ್ತಲ್ಲ?"

"ಪೆನ್ಶನ್ ಆದಮೇಲೆ ಮೈಸೂರು ಸಂತೇಲಿ ಒಂದು ಹಳೇ ಕಾಸು ಕಣ್ಣಿಗೆ ಬಿತ್ತು. ಕೊಂಡ್ಕೊಂಡೆ. ಮತ್ತೆ ಹುಚ್ಚು ಹತ್ತಿತು. ಎಷ್ಟು ಕೊಂಡರೂ ಆ ಐದೇ ಕಣ್ಮುಂದೆ. ಊರಿಗೆ ಬಂದು ಮರುಳಸಿದ್ದಪ್ಪನೋರನ್ನ ಕೇಳಿದೆ. ಹೊಸಿಲು ಕೇಳೋಕೆ ಬಂದ ಹುಚ್ಚ ಅಂತ ಬೈದು ಅಟ್ಟಿದ್ರು. ಯಾರಿಗೂ ನಷ್ಟ ಆಗಬಾರದೂಂತ ಎಂಟಾಣೆ ಇಟ್ಟೆ."

"ನಷ್ಟ ಆಗಿದೆ," ಎಂದರು ಧರ್ಮಪಾಲ. ನಿಂಗಮ್ಮನ ವಿಷಯವನ್ನೂ ಒಡೆದ ಬಳೆಯನ್ನೂ ಭಾನುವಾರದ ಪಂಚಾಯ್ತಿಯನ್ನೂ ನಾಲ್ಕೇ ಮಾತಿನಲ್ಲಿ ಹೇಳಿದರು.

ಸಣ್ಣಸ್ವಾಮಿ ಎದ್ದುನಿಂತು ಎರಡೂ ಕೈ ಮುಂದೆ ಚಾಚಿದ. "ನಂಗೆ ಗೊತ್ತಿರಲಿಲ್ಲ ಸಾರ್, ನನ್ನಾಣೆಗೂ ಗೊತ್ತಿರಲಿಲ್ಲ. ಈಗಲೇ ಹಿಡ್ಕೊಂಡು ಹೋಗಿ. ಊರ ಮುಂದೇನೇ ಹಿಡೀರಿ. ಭಾನುವಾರದ ತನಕ ಕಾಯಬೇಡಿ."

ಹನ್ನೆರಡೂ ಹತ್ತಕ್ಕೆ ದಸ್ತಗಿರಿ ಬರೆಯಲಾಯಿತು. ಅಂಗಡಿಯ ಪೆಟ್ಟಿಗೆಯಿಂದ ನಾಲ್ಕು ಕಾಸುಗಳನ್ನು ಜಪ್ತಿ ಮಾಡಿಕೊಂಡು ಮೂರು ಗಂಟೆಗೆಲ್ಲ ಗುಡ್ಡೇಕೊಪ್ಪಲಿಗೆ ಹೋದರು. ಮರುಳಸಿದ್ದಪ್ಪನವರ ಜಗಲಿಯ ಮುಂದೆ ಊರು ನೆರೆಯಿತು. ನಿಂಗಮ್ಮ ದೂರದಲ್ಲಿ ನಿಂತಿದ್ದಳು. ಸಣ್ಣಸ್ವಾಮಿ ಉಳಿ ಹಿಡಿದು, ಮೊಳೆ ಹೇಗೆ ಎತ್ತಿದೆ, ತಗಡು ಹೇಗೆ ಸುತ್ತಿದೆ ಎಂದು ಎಲ್ಲರೆದುರು ಮಾಡಿ ತೋರಿಸಿದ. ಆಮೇಲೆ ನಿಂಗಮ್ಮನ ಕಡೆ ತಿರುಗಿ ಕೈಮುಗಿದ.

"ಅವತ್ತು ಬಂದೋನು ಇವನೇನಾ!" ಎಂದು ಮರುಳಸಿದ್ದಪ್ಪನವರು ಉದ್ಗಾರ ತೆಗೆದರು. ಮಾಟದ ಹೆದರಿಕೆ ಹೋದದ್ದಕ್ಕೆ ಅವರ ಮುಖದಲ್ಲೂ ಬೆಳಕು ಬಂದಿತ್ತು. ವನಜಮ್ಮ ಗಟ್ಟಿಯಾಗಿಯೇ ಉಸಿರುಬಿಟ್ಟಳು. ಮೊಮ್ಮಗುವಿನ ಜ್ವರ ಹಿಂದಿನ ದಿನವೇ ಇಳಿದಿತ್ತಂತೆ, ಹೇಳಲು ಅವಳಿಗೆ ಬಾಯಿ ಬಂದಿರಲಿಲ್ಲ.

ಇನ್ನು ಮಾಲು ಗುರುತಿಸುವ ಪಂಚನಾಮೆ. ಧರ್ಮಪಾಲರು ನಾಲ್ಕು ಕಾಸುಗಳನ್ನು ಕರವಸ್ತ್ರದ ಮೇಲೆ ಸಾಲಾಗಿ ಇಟ್ಟರು.

"ಇದರಲ್ಲಿ ನಿಮ್ಮದು ಯಾವುದು?"

ಮರುಳಸಿದ್ದಪ್ಪನವರು ಬಗ್ಗಿ ನೋಡಿದರು. ಕನ್ನಡಕ ಹಾಕಿ ನೋಡಿದರು. ಹುಟ್ಟಿದಾಗಿನಿಂದ ದಿನಕ್ಕೆ ಹತ್ತು ಸಲ ದಾಟಿದ ಹೊಸಿಲು ಅದು.

"ಗೊತ್ತಾಗಲ್ಲ ಸ್ವಾಮಿ."

ಕೆಂಪಣ್ಣ, ವನಜಮ್ಮ, ನಾಲ್ಕನೇ ಮನೆಯ ದೇವರಾಜು ಎಲ್ಲರೂ ನೋಡಿ ತಲೆಯಾಡಿಸಿದರು. ಅದರಲ್ಲಿ ಆನೆ ಇತ್ತೋ ರಾಣಿ ಇತ್ತೋ ಅವರಲ್ಲಿ ಯಾರೂ ಕಂಡವರಿರಲಿಲ್ಲ.

"ಸಣ್ಣಸ್ವಾಮಿ?"

ಅವನು ಬೆರಳಿಟ್ಟು ಹೇಳುತ್ತ ಹೋದ. "ರಾಣಿ ಈ ಮನೇದು. ತಕ್ಕಡಿ ಕೆಂಪಣ್ಣನೋರದು. ಇದು ವನಜಮ್ಮನೋರ ಮಾವನ ಕಾಲದ್ದು. ಇದು ದೇವರಾಜು ಅವರದ್ದು, ಅಂಚಲ್ಲಿ ಸಣ್ಣ ಕಚ್ಚು ಇದೆ ನೋಡಿ, ನಾನು ಹಲ್ಲಲ್ಲಿ ಕಡಿದು ನೋಡಿದ್ದೆ."

ಶಿವಮ್ಮ ಒಳಗಿನಿಂದ ಗೋಡೆ ಹಿಡಿದು ಬಂದು ಹೊಸಿಲ ಮೇಲೆ ಕೂತರು. "ಮರುಳಾ, ಎಂಟಾಣೇನೂ ಲಕ್ಷ್ಮೀನೇ. ಇರಲಿ ಬಿಡು," ಎಂದರು. ಆಮೇಲೆ ದೂರ ನಿಂತಿದ್ದವಳ ಕಡೆ ಮುಖ ಮಾಡಿ, "ನಿಂಗೀ, ಬಾರೇ. ಒಡೆದ ಬಳೆ ದುಡ್ಡು ನಮ್ಮನೇದು. ಉಳಿದಿರೋದು ತಗೊಂಬಾ, ಕೈಗೆ ಹಾಕು," ಎಂದು ಕೈಚಾಚಿದರು. ಅಲ್ಲಿಯವರೆಗೆ ಅಳದೆ ಇದ್ದ ನಿಂಗಮ್ಮ ಆಗ ಅತ್ತಳು. ಹಗುರಾದ ಅಳು ಅದು. ಮಲಾರ ತರಲು ಅವಳು ಗುಡಿಸಲಿಗೆ ಓಡಿಯೇ ಹೋದಳು.

ಧರ್ಮಪಾಲರು ವರದಿಯಲ್ಲಿ ಹೀಗೆ ಬರೆದರು: "ಮಾಲನ್ನು ಫಿರ್ಯಾದಿಯಾಗಲಿ ಇತರ ಮೂವರಾಗಲಿ ಗುರುತಿಸಲಿಲ್ಲ. ಗುರುತಿಸಿದವನು ಆರೋಪಿ ಒಬ್ಬನೇ. ಹುಡುಗನಾಗಿದ್ದಾಗ ಕೈತಪ್ಪಿದ ಹವ್ಯಾಸವನ್ನು ವಯಸ್ಸಾದ ಮೇಲೆ ಮುಂದುವರಿಸುವ ಆಸೆಯೇ ಕೃತ್ಯಕ್ಕೆ ಕಾರಣ. ಬೇರೆ ದುರುದ್ದೇಶ ಕಂಡುಬರಲಿಲ್ಲ." ಮಡಿಕೇರಿಯ ಮ್ಯಾಜಿಸ್ಟ್ರೇಟರು ಅದನ್ನು ಎರಡು ಸಲ ಓದಿ, ಎಚ್ಚರಿಕೆ ಕೊಟ್ಟು ಬಿಡಬಹುದೆಂದು ಕುಟ್ಟಪ್ಪನ ಅಂದಾಜು. ಹಾಗೆಯೇ ಆಯಿತು.

ಆದರೆ ಅದು ಆಮೇಲಿನ ಮಾತು. ಒಂಬತ್ತನೇ ತಾರೀಕು ಬೆಳಿಗ್ಗೆ ಮಡಿಕೇರಿ ಬಸ್ಸಿಗೆ ಹೊರಡುವಾಗ ಸಣ್ಣಸ್ವಾಮಿ ಠಾಣೆಯ ಬಾಗಿಲಲ್ಲಿ ನಿಂತ. ಹಿಂದಿನ ದಿನ ತನ್ನ ಕೈಯಿಂದಲೇ ಜಡಿದಿದ್ದ ಎಂಟಾಣೆ ಅಲ್ಲಿ ಫಳಫಳ ಹೊಳೆಯುತ್ತಿತ್ತು.

"ಸಾರ್, ಐದನೇದು? ಆನೆದು? ಅದನ್ನ ನೀವು ಬರ್ಕೊಳ್ಳಲಿಲ್ಲ."

ಧರ್ಮಪಾಲರು ಮೇಜಿನ ಖಾನೆಯಿಂದ ಆನೆ ಕಾಸನ್ನು ತೆಗೆದು ಅವನ ಅಂಗೈಗೆ ಹಾಕಿದರು.

"ಠಾಣೆಯಲ್ಲಿ ಕಳುವಾಗಿದೆ ಅಂತ ಯಾರೂ ದೂರು ಕೊಡಲಿಲ್ಲ ಮಾರಾಯ್ರೆ. ನಡೀರಿ, ಬಸ್ಸು ಬಂತು."

ಸಣ್ಣಸ್ವಾಮಿ ಹೊಸಿಲು ಮೆಟ್ಟದೆ ಹುಷಾರಾಗಿ ದಾಟಿ ಬೀದಿಗಿಳಿದ. ಬಸ್ಸು ಹತ್ತುವವರೆಗೂ ಮುಷ್ಟಿ ಬಿಚ್ಚಲಿಲ್ಲ.