ಹಗಲು ನಿದ್ದೆಯ ಮನೆ

ಒಮ್ಮೆ ಗೋಕಾಕ ಫಾಲ್ಸಿನ ಮೇಲಿಂದ ಹಾರಿದ ಕಳ್ಳನ ಹಿಂದೆ ನಾನೂ ಹಾರಿದೆ. ನಡುದಾರಿಯಲ್ಲೇ ಅವನನ್ನು ಹಿಡಿದು, ಕೈಕೋಳ ತೊಡಿಸಿ, ಹೆಸರು ವಿಳಾಸ ಬರೆದುಕೊಂಡು ಸಹಿ ಹಾಕಿಸಿಕೊಂಡೆ. ನಾವಿಬ್ಬರೂ ನೀರಿಗೆ ಬಿದ್ದದ್ದು ಆಮೇಲೆ. ಮೂಡಲಗಿ ಠಾಣೆಯ ಹವಾಲ್ದಾರ ರಾಜಪ್ಪ ಎಂದರೆ ನಾನೇ. ಇಂಥ ನಾನಿರುವಾಗ ಠಾಣೆಗೆ ಇನ್ಸ್‌ಪೆಕ್ಟರ್ ಯಾಕೆ ಬೇಕೆಂದು ನೀವು ಕೇಳಬಹುದು. ಸಹಿ ಮಾಡಲಿಕ್ಕೆ ಒಬ್ಬರು ಬೇಕಲ್ಲ.

ದಿನಾಂಕ 25-03-2025, ಮಂಗಳವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಹುಕ್ಕೇರಿಯಲ್ಲಿ ಬಟ್ಟೆ ಹೊಲಿಯುವ ನಜೀರಾ ಎಂಬ ಹೆಣ್ಣುಮಗಳು ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಸೈಫಅಲಿಯವರ ಮುಂದೆ ನಿಂತಳು.

"ಸಾಹೇಬ್ರ, ನಮ್ಮ ಕಾಕಾ ಶ್ಯಾಣ್ಯಾ ಆಗ್ಯಾನ್ರಿ," ಎಂದಳು.

"ಬುದ್ಧಿ ಬರೋದು ಗುನ್ನೆ ಅಲ್ಲವ್ವ," ಎಂದೆ ನಾನು.

"ನೀವು ಸುಮ್ನಿರ್ರಿ ರಾಜಪ್ಪ. ಕುಂಡರ್ರಿ ತಂಗಿ, ಹೇಳ್ರಿ," ಎಂದರು ಸೈಫಅಲಿ.

ಅವಳ ಕಾಕಾ ಮಹಮ್ಮದಗೌಸ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವನು. ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಆರೈಕೆಗೆಂದು ತುಕ್ಕಾನಟ್ಟಿ ರಸ್ತೆಯ 'ಹೊನ್ನಸಂಜೆ' ಎಂಬ ವೃದ್ಧರ ಮನೆಗೆ ಸೇರಿಸಿದ್ದರು. ಸೇರಿಸಿದ ತಿಂಗಳೊಳಗೆ ಅವನಿಗೆ ಮರೆವು ಹತ್ತಿತು. ನಜೀರಾಳನ್ನು ನೋಡಿದರೆ ಗುರುತಿಲ್ಲ, ಮಾತಿಗೊಮ್ಮೆ ತೂಕಡಿಕೆ. ವಯಸ್ಸಾಯಿತು, ಬುದ್ಧಿ ಹೋಯಿತು ಎಂದು ಬೀಗರು ಬಿಜ್ಜರೆಲ್ಲ ಕೈಬಿಟ್ಟಿದ್ದರು.

"ರಂಜಾನ ಹತ್ತಿದ ಮ್ಯಾಲ ನನ್ನ ಹೆಸರ ಹಿಡದ ಕರದಾನ್ರಿ," ಎಂದಳು ನಜೀರಾ. "ವಯಸ್ಸಾದಾವ್ರಿಗಿ ರೋಜಾ ಬ್ಯಾಡ ಅಂದ್ರೂ ಹಟಾ ಮಾಡಿ ಹಿಡದಾನ. ಈಗ ಎಲ್ಲಾ ನೆಟ್ಟಗ ಹೇಳತಾನ. ಅಲ್ಲಿ ಎಲ್ಲಾರೂ ಹಗಲೆಲ್ಲಾ ಮಲಗಿರ್ತಾರಂತ. ಬಾಜೂ ಹಾಸಿಗಿ ಫಕೀರವ್ವಜ್ಜಿ ಬೆನ್ನಿಗಿ ಹುಣ್ಣ ಬಿದ್ದಾವಂತ, ಹೊರಳಿಸಾವ್ರಿಲ್ಲಂತ."

"ನಿಮಗ ಏನ ಸಂಶೆ?"

"ರೋಜಾ ಇದ್ದಾಗ ಶ್ಯಾಣ್ಯಾ, ಇಲ್ಲದಾಗ ಹುಚ್ಚ. ಹಬ್ಬ ಇನ್ನ ಆರ ದಿನ ಐತ್ರಿ. ಹಬ್ಬಾದ ಮ್ಯಾಲ ಮತ್ತ ನನ್ನ ಮರಿತಾನ."

ಸೈಫಅಲಿ ಟೊಪ್ಪಿಗೆ ಹಾಕಿಕೊಂಡರು. ದೂರನ್ನು ಠಾಣಾ ದಿನಚರಿಗೆ ಏರಿಸಿ ನಜೀರಾಳನ್ನೂ ಕರೆದುಕೊಂಡು ಹೊರಟೆವು. ಜೀಪನ್ನು ನಾನು ಎಂಥ ವೇಗದಲ್ಲಿ ಓಡಿಸಿದೆನೆಂದರೆ, ನಾವು ಇಳಿದು ಬಟ್ಟೆಯ ಧೂಳು ಜಾಡಿಸಿಕೊಂಡ ಮೇಲೆ ನಮ್ಮ ಸೈರನ್ನಿನ ಸದ್ದು ಬಂದು ಮುಟ್ಟಿತು.

ಮನೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಒಳಗೆ ಒಂದೇ ಉದ್ದನೆಯ ಕೋಣೆಯಲ್ಲಿ ಹದಿನೆಂಟು ಮಂಚ. ಹಗಲು ಹನ್ನೊಂದಾಗಿದ್ದರೂ ಕೆಮ್ಮಿಲ್ಲ, ನರಳಿಕೆಯಿಲ್ಲ, ಜಗಳವಿಲ್ಲ. ಹದಿನೆಂಟು ಮುದುಕರಿರುವ ಕಡೆ ಜಗಳವಿಲ್ಲ ಎಂದರೆ ಅದೇ ಮೊದಲ ಪುರಾವೆ. ಎದ್ದು ಕುಳಿತವನು ಮಹಮ್ಮದಗೌಸ ಕಾಕಾ ಒಬ್ಬನೇ. ಮಾಲೀಕ ಶಿವಾನಂದ ಘಟಪ್ರಭಾಕ್ಕೆ ಹೋಗಿದ್ದ. ಇಡೀ ಮನೆಗೆ ಕೆಲಸದವಳೆಂದರೆ ಕರೆವ್ವ ಒಬ್ಬಳು.

ಸೈಫಅಲಿ ಫಕೀರವ್ವನ ಹೊದಿಕೆ ಸರಿಸಿದರು. ಕುರಿಗಳ ಹಿಂದೆ ಅರ್ಧ ಜಿಲ್ಲೆ ನಡೆದ ಕಾಲುಗಳು ಕಡ್ಡಿಯಾಗಿದ್ದವು. ಬೆನ್ನ ಮೇಲಿನ ಹುಣ್ಣು ನೋಡಿದ ಕೂಡಲೇ ಅವರು ಗೋಕಾಕದ ಸರಕಾರಿ ಆಸ್ಪತ್ರೆಗೆ ಫೋನ್ ಮಾಡಿ ಅಂಬುಲೆನ್ಸು, ವೈದ್ಯರನ್ನು ಕರೆಸಿದರು.

ಅಷ್ಟರಲ್ಲಿ ಕರೆವ್ವ ಚಹಾದ ಕಿಟ್ಲಿ ಹಿಡಿದು ಬಂದಳು. ನಮ್ಮ ಕಡೆ ಬಂದವರಿಗೆ ಚಹಾ ಕೊಡದೆ ಕಳಿಸುವ ರೂಢಿಯಿಲ್ಲ. ಮನೆಯಲ್ಲಿ ಹೆಣ ಬಿದ್ದಿದ್ದರೂ, ಪಂಚನಾಮೆಗೆ ಬಂದ ಪೊಲೀಸರಿಗೆ ಚಹಾ ಆಗಲೇಬೇಕು. ಒಲ್ಲೆ ಅನ್ನುವ ರೂಢಿಯೂ ಇಲ್ಲ. ಸೈಫಅಲಿಯವರಿಗೆ ರೋಜಾ ಇತ್ತು, ನಜೀರಾಳಿಗೂ ಇತ್ತು. ನಾನು ಲೋಟ ತೆಗೆದುಕೊಂಡೆ. ಕುಡಿಯಲಿಲ್ಲ, ಮೂಸಿದೆ ಅಷ್ಟೇ. ನನ್ನ ಮೂಗು ಬೆಳಗಾವಿಯ ಪ್ರಯೋಗಾಲಯಕ್ಕಿಂತ ಹಳೆಯದು. ಕೂಡಲೇ ಸಂಶಯ ಬಂತು. ಗೋಡೆ ಪಕ್ಕದ ಮರದ ಬಾಕಿನ ಮೇಲೆ ಒರಗಿ, ಕಣ್ಣು ಮುಚ್ಚಿ, ಗುಪ್ತ ನಿಗಾ ಆರಂಭಿಸಿದೆ. ಪೊಲೀಸ ಮಲಗಿದ್ದಾನೆಂದು ತಿಳಿದರೆ ಮಂದಿ ಖರೆ ಮಾತಾಡುತ್ತಾರೆ.

ಹಾಗೆ ಕಣ್ಣು ಮುಚ್ಚಿಕೊಂಡೇ ಕರೆವ್ವನ ವಿಚಾರಣೆ ನಡೆಸಿದೆ.

"ಫಕೀರವ್ವ ಉಪಾಸ ಮಾಡತಾಳೇನು?"

"ಸೋಮವಾರ ಮಾಡತಾಳ್ರಿ. ಒಂದ ಅಗಳ ಮುಟ್ಟಂಗಿಲ್ಲ."

"ಅವತ್ತರೆ ಎಚ್ಚರ ಇರ್ತಾಳೇನು?"

"ಇಲ್ರಿ, ಅವತ್ತೂ ಹಿಂಗ."

"ಅವತ್ತ ಏನೂ ತಗೋಳಂಗಿಲ್ಲ?"

"ಚಾ ಅಷ್ಟ್ರಿ. ಚಾ ಕುಡದ್ರ ಉಪಾಸ ಮುರಿಯಂಗಿಲ್ಲಲ್ರಿ."

ಗುಟ್ಟು ಇದ್ದದ್ದು ಅಲ್ಲಿಯೇ. ಸೋಮವಾರದ ಉಪವಾಸಕ್ಕೆ ಚಹಾ ನಡೆಯುತ್ತದೆ, ರೋಜಾಕ್ಕೆ ಹಗಲು ಹನಿ ನೀರೂ ನಡೆಯುವುದಿಲ್ಲ. ಊಟ ಬಿಟ್ಟ ಫಕೀರವ್ವ ಮಲಗಿದ್ದಳು, ಚಹಾ ಬಿಟ್ಟ ಕಾಕಾ ಎದ್ದಿದ್ದ.

"ಮುಂಜಾನಿ ಚಾ ಯಾರ ಕಾಸ್ತಾರ?"

"ನಮ್ಮ ಧಣ್ಯಾರ್ರಿ. ದಿನಾ ತಮ್ಮ ಕೈಯಾರೆ ಕಾಸಿ, ಒಬ್ಬೊಬ್ರಿಗೂ ತಾವ ಕೊಡತಾರ. ಅಷ್ಟ ಛಲೋ ಮನಷ್ಯಾ. ಇವತ್ತ ಕಿಟ್ಲ್ಯಾಗ ಉಳದಿತ್ತು, ಅದನ್ನ ಬಿಸಿ ಮಾಡೀನ್ರಿ."

ಇಬ್ಬರು ಪಂಚರನ್ನು ಊರಿನಿಂದ ಕರೆಸಲಾಯಿತು. ಅವರ ಸಮಕ್ಷಮ ಕಿಟ್ಲಿಯ ಚಹಾವನ್ನು ಎರಡು ಶೀಷೆಗಳಿಗೆ ತುಂಬಿ ಅರಗಿನ ಮೊಹರು ಹಾಕಿದರು. ಶಿವಾನಂದನ ಕೋಣೆಯ ಕಪಾಟಿನಲ್ಲಿ ನಿದ್ದೆ ಗುಳಿಗೆಗಳೂ ಅರೆಯುವ ಕಲ್ಲೂ ಸಿಕ್ಕವು. ಎಲ್ಲವನ್ನೂ ಪಂಚನಾಮೆ ಮಾಡಿ ಜಪ್ತಿ ಮಾಡಲಾಯಿತು. ವೈದ್ಯರು ಎಲ್ಲರ ರಕ್ತದ ಮಾದರಿ ತೆಗೆದುಕೊಂಡರು. ನಜೀರಾಳ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು.

ಮೂರರ ಸುಮಾರಿಗೆ ಶಿವಾನಂದ ಬಂದ. ಸೈಫಅಲಿ ಕಿಟ್ಲಿಯ ತಳದಲ್ಲಿ ಉಳಿದಿದ್ದ ಚಹಾವನ್ನು ಲೋಟಕ್ಕೆ ಸುರಿದು ಅವನ ಮುಂದಿಟ್ಟರು.

"ದಣದ ಬಂದೀರಿ. ಚಾ ತಗೋರಿ."

"ನಾ ಚಾ ಬಿಟ್ಟೀನ್ರಿ."

"ಯಾವಾಗಿಂದ?"

ಶಿವಾನಂದ ಲೋಟ ನೋಡಿದ. ಆಮೇಲೆ ಕೋಳ ಹಾಕಿರೆಂಬಂತೆ ಎರಡೂ ಕೈ ಮುಂದೆ ಚಾಚಿದ. ಅವನನ್ನು ಅಲ್ಲಿಯೇ ಬಂಧಿಸಲಾಯಿತು.

ಠಾಣೆಯಲ್ಲಿ ಅವನು ವಕೀಲನನ್ನು ಕೇಳುವ ಮೊದಲೇ ಮಾತಾಡಿದ. ಅವನ ತಾಯಿ ಅಲ್ಲವ್ವ ಅಂಕಲಗಿಯಲ್ಲಿ ಕೊನೆಯ ಎರಡು ವರ್ಷ ಹಗಲು ರಾತ್ರಿ ಚೀರುತ್ತಿದ್ದಳಂತೆ. ಮಗ ಹೊಡೆಯುತ್ತಾನೆಂದು ಓಣಿಯವರು ಕಿಟಕಿಗೆ ಬಂದು ಇಣುಕುತ್ತಿದ್ದರು. ಯಾರೋ ಕೊಟ್ಟ ಗುಳಿಗೆಯನ್ನು ಅವನು ಒಂದು ದಿನ ಅರೆದು ಕುಡಿಸಿದ. ಚೀರಾಟ ನಿಂತಿತು.

"ಅವತ್ತ ಓಣಿ ಮಂದಿ ನನಗ ಛಲೋ ಮಗಾ ಅಂದ್ರು ಸಾಹೇಬ್ರ. ಇಲ್ಲಿ ಬಂದಾವ್ರೂ ಎಷ್ಟ ಶಾಂತ ಐತಿ ಅಂತಿದ್ರು. ಸಪ್ಪಳ ಇಲ್ಲಂದ್ರ ಸಂಕಟಾನೂ ಇಲ್ಲ ಅನ್ಕೊಂಡಿದ್ನಿ."

ಸೈಫಅಲಿ ಅದನ್ನು ಇದ್ದಂತೆಯೇ ಬರೆದುಕೊಂಡರು.

ತಾಲೂಕಾ ಆಡಳಿತ 'ಹೊನ್ನಸಂಜೆ'ಯನ್ನು ತನ್ನ ಕೈಗೆ ತೆಗೆದುಕೊಂಡು ಇಬ್ಬರು ದಾದಿಯರನ್ನು ನೇಮಿಸಿತು. ಈಗ ಆ ಮನೆಯಲ್ಲಿ ಫ್ಯಾನಿಗಾಗಿ, ಕಿಟಕಿಗಾಗಿ ದಿನವೂ ಜಗಳ. ಗೋಕಾಕದ ಆಸ್ಪತ್ರೆಯಲ್ಲಿ ಫಕೀರವ್ವನ ಹುಣ್ಣು ಮಾಯುತ್ತಿದೆ. ಎದ್ದು ಕೂತ ದಿನವೇ ಆಸ್ಪತ್ರೆಯ ರೊಟ್ಟಿ ಮುರಿದು ನೋಡಿ, "ಇದನ್ನ ಬಡದಾಕೀನ ಕರೀರಿ" ಎಂದಳಂತೆ.

ಹಬ್ಬದ ದಿನ ಹುಕ್ಕೇರಿಯ ನಜೀರಾಳ ಮನೆಗೆ ನನ್ನನ್ನೂ ಇನ್ಸ್‌ಪೆಕ್ಟರ್ ಸಾಹೇಬರನ್ನೂ ಶಾವಿಗೆಯ ಸುರಕುಂಬಾ ಕುಡಿಯಲು ಕರೆದಿದ್ದರು. ಬಂದ ಬೀಗರನ್ನೆಲ್ಲ ಸುತ್ತ ಕೂರಿಸಿಕೊಂಡು, ನಿಮಗೆ ಹೇಳಿದಂತೆಯೇ ಇದನ್ನೆಲ್ಲ ಹೇಳಿದೆ. ಬೆಳಿಗ್ಗೆ ಎರಡು ಕಪ್ ಚಹಾ ಕುಡಿದೂ ಎಚ್ಚರವಾಗಿ ನೆಟ್ಟಗೆ ಕೂತಿದ್ದ ಕಾಕಾ ಬಟ್ಟಲು ಕೆಳಗಿಟ್ಟ.

"ಹವಾಲ್ದಾರ, ಆ ಬಾಕಿನ ಮ್ಯಾಲ ನೀ ಏನ ಮಾಡಾಕತ್ತಿದ್ದಿ?"

"ಗುಪ್ತ ನಿಗಾ, ಕಾಕಾ."

"ಬಾಯಿಂದ ಜೊಲ್ಲ ಸೋರಾಕತ್ತಿತ್ತು."

"ಅದೂ ವೇಷದಾಗ ಬರ್ತೈತಿ."

"ಎರಡ ಲೋಟ ಕುಡದಿ. ಇನ್ನೊಂದೀಟ ಹಾಕವ್ವ ಅಂತ ಕೇಳಿ ಕುಡದಿ. ಎಲ್ಲಾರೂ ಮಲಗಿದ್ರು ಖರೆ, ನಾ ಎಚ್ಚರ ಇದ್ನಿ. ನೋಡೇನಿ."

ಸೈಫಅಲಿ ಬಟ್ಟಲಿನಲ್ಲಿ ಮುಖ ಹುದುಗಿಸಿದ್ದರು. ಅವರ ಭುಜ ಕುಣಿಯುತ್ತಿತ್ತು.

ಸರಿ, ಕೇಳಿ. ಕರೆವ್ವನನ್ನು ಪ್ರಶ್ನೆ ಮಾಡಿದವರು ಸೈಫಅಲಿ ಸಾಹೇಬರು. ಲೋಟ ಇಳಿಸಿದ ಸ್ವಲ್ಪ ಹೊತ್ತಿಗೆ ನಾನು ಗೊರಕೆ ಹೊಡೆಯತೊಡಗಿದ್ದನ್ನು ನೋಡಿಯೇ ಅವರಿಗೆ ಕಿಟ್ಲಿಯ ಮೇಲೆ ಸಂಶಯ ಬಂದದ್ದು. ಪಂಚನಾಮೆ, ಬಂಧನ ಯಾವುದನ್ನೂ ನಾನು ಕಂಡಿಲ್ಲ, ಆಮೇಲೆ ಓದಿ ತಿಳಿದುಕೊಂಡೆ. ಸಂಜೆ ನನ್ನನ್ನು ನಜೀರಾ ಕಾಲು ಹಿಡಿದು, ಪಂಚರು ರಟ್ಟೆ ಹಿಡಿದು ಜೀಪಿಗೆ ಹಾಕಿದರಂತೆ. ಎಫ್‌ಐಆರ್ ತೆಗೆಸಿ ನೋಡಿದರೆ ತನಿಖೆ ಮಾಡಿದವರ ಸಾಲಿನಲ್ಲಿ ರಾಜಪ್ಪ ಎಂಬ ಹೆಸರು ನಿಮಗೆ ಸಿಗುವುದಿಲ್ಲ. ಅದು ನೊಂದವರ ಪಟ್ಟಿಯಲ್ಲಿದೆ, ಫಕೀರವ್ವನ ಕೆಳಗೆ.