ಹೆಸರು ಕರೆಯದ ಎಲೆ

ಆ ಸದ್ದು ಅಮ್ಮನಿಗೂ ಕೇಳಿಸಿತ್ತು, ಹಾಗಾಗಿ ಹೇಳುತ್ತಿದ್ದೇನೆ.

ಕಾಪುವಿನ ಕಡಲಲ್ಲಿ ದೋಣಿ ಮಗುಚಿದಾಗ ನನಗೆ ಕೊನೆಗೆ ಕಂಡದ್ದು ಅಣ್ಣ ಲೀಲಾಧರನ ಕಿರುಬೆರಳಿಲ್ಲದ ಕೈ. ಆ ನೆನಪು ಬಂದರೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಒಳಗೇ ಅದುಮಿಬಿಡುತ್ತೇನೆ.

ಈ ಸಲದ ಆಟಿ ತಿಂಗಳಲ್ಲಿ, ಒಂದು ಮಧ್ಯಾಹ್ನ, ಅವನಿಗೆ ಎಲೆ ಬಡಿಸಿದೆವು. ಸತ್ತವರ ಹೆಸರು ಕರೆದು, ಕೋಣೆಯ ಬಾಗಿಲೆಳೆದು ಹೊರಗೆ ಕಾಯುವುದು ನಮ್ಮ ಕ್ರಮ. ಕರೆಯಬೇಕಾದವನು ನಾನು. ಆ ಕೈ ಕಣ್ಣಮುಂದೆ ಬಂತು. ಅದುಮಿದೆ, ಹೆಸರನ್ನೂ ಕರೆಯದೆ ಬಾಗಿಲೆಳೆದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಒಳಗಿನಿಂದ ಒದ್ದೆ ಕೈ ಬಡಿಯುವ ಸದ್ದು ಬಂತು. ನಾನು ಅದುಮಿದಷ್ಟೂ ಜೋರಾಯಿತು.

"ಎಂತ ಶಬ್ದ ಅದು? ನೀನು ಹೆಸರು ಕರೆದಿದ್ದೀ ಅಲ್ವಾ?" ಅಮ್ಮ ಕೇಳಿದರು.

"ಲೀಲಣ್ಣಾ," ಎಂದೆ. ಸದ್ದು ನಿಂತಿತು.

ಬಾಗಿಲು ತೆರೆದರೆ ಅನ್ನ ಬಡಿಸಿದ ಹಾಗೇ ಇತ್ತು. ನಾಲ್ಕೇ ಬೆರಳಿನ ಒದ್ದೆ ಗುರುತು ಇದ್ದದ್ದು ಬಾಗಿಲಿನ ಹೊರಬದಿಯಲ್ಲಿ, ನನ್ನ ಬೆನ್ನಿದ್ದ ಜಾಗದಲ್ಲಿ.