ಕಟ್ಟಿದ ಊಟ, ಬಿಡಿಸಿದ ಹಾಡು

"ಮದುಮಗನಿಗೆ ನೀವೇನಾಗ್ಬೇಕು?"

ಮಜ್ಜಿಗೆ ಲೋಟ ಚಾಚಿ ನಿಹಾಲ್ ಕೌರ್ ಕೇಳಿದಳು. ಅವಳ ಅಕ್ಕನ ಮದುವೆಗೆ ಸತ್ಲಜ್ ದಂಡೆಯ ಆ ಹಳ್ಳಿಗೆ ದಿಬ್ಬಣ ಬಂದಿಳಿದ ಗಳಿಗೆ ಅದು. ಗುಲಾಬಿ ಪೇಟದ ಆ ಯುವಕ ಅವಳ ಕಣ್ಣನ್ನೇ ನೋಡಿದ. ತುಟಿ ಅಲುಗಿತು... ಮಾತು ಬರಲಿಲ್ಲ. ಲೋಟ ಕೂಡ ಮುಟ್ಟದೆ ಮುಖ ತಿರುಗಿಸಿ ನಡೆದುಬಿಟ್ಟ!

'ಅಬ್ಬಾ, ಏನು ಜಂಬ! ಇರು, ಮಾಡ್ತೀನಿ ನಿನಗೆ!'

ದಿಬ್ಬಣ ಊಟಕ್ಕೆ ಕೂತಾಗ ಹೆಣ್ಣಿನ ಕಡೆಯವರು ಹಾಡಿ ಊಟ ಕಟ್ಟಬೇಕು. ಗಂಡಿನ ಕಡೆಯವರೊಬ್ಬರು ಹಾಡಿ ಬಿಡಿಸುವ ತನಕ ಯಾರೂ ತುತ್ತೆತ್ತುವಂತಿಲ್ಲ. ಅಜ್ಜಿಯರ ಕಾಲದಿಂದ ನಡೆದುಬಂದದ್ದು. ನಿಹಾಲ್ ಮಾಳಿಗೆ ಮೇಲಿಂದ ಅವನನ್ನೇ ನೋಡುತ್ತ ದನಿ ಎತ್ತಿದಳು.

"ಲಡ್ಡೂನು ಕಟ್ಟಿದೆ, ಜಿಲೇಬಿ ಕಟ್ಟಿದೆ, ಕಟ್ಟಿದೆ ನಿಮ್ಮವರ ಕೈಯಿ,
ಮೂಗರ ದಿಬ್ಬಣ ಬಂದೈತೆ ನೋಡ್ರೇ, ಬಿಡಿಸೋಕೆ ಯಾರಿಗಿದೆ ಬಾಯಿ?"

ಗೆಳತಿಯರು ಕೇಕೆ ಹಾಕಿದರು. ಕೆಳಗೆ ಒಬ್ಬರೂ ನಗಲಿಲ್ಲ.

ವರನ ದೊಡ್ಡಪ್ಪ ನತ್ಥಾ ಸಿಂಗ್ ತಟ್ಟೆ ತಳ್ಳಿ ಎದ್ದರು. "ಮೂಗರಾ? ನನ್ನ ಮಗ ತೊದಲ್ತಾನೆ ಅಂತ ಆಡ್ಕೊಳ್ಳೋಕೆ ಕರೆಸಿದ್ರಾ? ಏಳ್ರೋ ಎಲ್ಲ! ಈ ಮನೆ ಹೆಣ್ಣು ನಮಗೆ ಬೇಡ!"

ನಿಹಾಲ್ ಗುಲಾಬಿ ಪೇಟದವನ ಕಡೆ ನೋಡಿದಳು. ತೊದಲು... ಅದಕ್ಕೇ ಮಾತಾಡಲಿಲ್ಲವೇ?

ಲಗ್ನ ನಾಳೆ ಬೆಳಗ್ಗೆ. ಒಳಗೆ ಅಕ್ಕನ ಬಳೆ ಸದ್ದು ನಿಂತೇಹೋಯಿತು. ಅಂಗಳದಲ್ಲಿ ಅಪ್ಪನ ಕೈ ಪೇಟಕ್ಕೆ ಹೋಯಿತು. ಬಿಚ್ಚಿ ನತ್ಥಾ ಸಿಂಗ್ ಕಾಲ ಬಳಿ ಇಡಲು ಹೊರಟಿದ್ದಾರೆ!

'ಅಯ್ಯೋ ದೇವರೇ, ನನ್ನ ನಾಲಿಗೆಗೆ ಬೆಂಕಿ ಬೀಳ...' ಮಾಳಿಗೆಯ ಅಂಚಿಗೆ ಬಂದು ಬಿಕ್ಕಿ ಅತ್ತಳು. ಕಟ್ಟಿದವಳು ತಾನೇ ಬಿಡಿಸುವಂತಿಲ್ಲ.

"ಅಪ್ಪಾ, ಕೂ... ಕೂತ್ಕೊಳ್ಳಿ."

ಗುಲಾಬಿ ಪೇಟದವನು ಎದ್ದು ನಿಂತಿದ್ದ. ಕಣ್ಣು ಮುಚ್ಚಿ, ಕಿವಿಗೆ ಕೈಯಿಟ್ಟು ಹಾಡಿದ.

"ಲಡ್ಡೂನು ಬಿಡಿಸಿದೆ, ಜಿಲೇಬಿ ಬಿಡಿಸಿದೆ, ಬಿಡಿಸಿದೆ ನಮ್ಮವರ ಕೈಯಿ,
ಕಟ್ಟಿದ ಹುಡುಗಿ, ಅಳಬೇಡ ನೀನು, ನಗಲಿ ನಿನ್ನ ಬಾಯಿ!"

ಒಂದಕ್ಷರವೂ ತಡವರಿಸಲಿಲ್ಲ! ನತ್ಥಾ ಸಿಂಗ್ ಮಗನನ್ನೇ ನೋಡಿದರು. ಕಣ್ಣೊರೆಸಿಕೊಂಡು ಕೂತರು, ಲಡ್ಡು ಮುರಿದರು.

ಸಂಜೆ ಬಾವಿಯ ಬಳಿ ಅವನು ಸಿಕ್ಕ.

"ಗೊತ್ತಿರಲಿಲ್ಲ... ತಪ್ಪಾಯ್ತು. ನಿಮಗೆ ಜಂಬ ಅಂದ್ಕೊಂಡಿದ್ದೆ."

"ಜಂ... ಜಂಬ ಅಲ್ಲ. ಮಜ್ಜಿಗೆ ಕೊಟ್ಟಾಗ ಹೆ... ಹೆಸರು ಹೇಳೋಕೆ ಹೊರಟಿದ್ದೆ. ನೀವು ನ... ನಗ್ತೀರೇನೋ ಅಂತ ಭಯ ಆಯ್ತು."

"ಈಗ ಹೇಳಿ."

"ಬ... ಬ..."

ಹೆಸರು ಅವಳಿಗೆ ಗೊತ್ತಿತ್ತು. ಊಟದ ಹೊತ್ತಿನಿಂದ ಮನೆಯಲ್ಲೆಲ್ಲ ಅವನದೇ ಮಾತು. ಆದರೂ ತಾನು ಹೇಳಿ ಮುಗಿಸಲಿಲ್ಲ. ಕಾದಳು.

"...ಬಚಿತ್ತರ್."

"ಚೆನ್ನಾಗಿದೆ."

"ನಿ... ನಿಮ್ಮನೇಲಿ ಹೆಣ್ಣು ಕೇಳೋಕೆ ಅಪ್ಪನ್ನ ಕಳಿಸ್ಲಾ? ನನ್ನ ಜೊತೆ ಮಾ... ಮಾತು ಮುಗಿಯೋಕೆ ತುಂಬ ಹೊತ್ತಾಗತ್ತೆ."

"ಆಗ್ಲಿ ಬಿಡಿ," ಅಂದಳು ನಿಹಾಲ್. "ನಂಗೇನು ಅವಸರ?"